ಅಕ್ಕೋರೇ, ಒಂದು ಪ್ರಶ್ನೆ: ಘಟ್ಟ ಹತ್ತುವ ಮೊದಲು

ನವೆಂಬರ್ ಮುಗಿಯುತ್ತ ಬಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧ ಶಾಲೆಯ ಪ್ರವಾಸದ ಬಗ್ಗೆಯೇ ಇರುತ್ತವೆ. ಕುಮಟಾ, ಹೊನ್ನಾವರದ ಕಡೆ 31 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ನಾನು. ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಪ್ರವಾಸದ ಪತ್ರಗಳಿಗೇ ಉತ್ತರ ಬರೆದಿದ್ದೇನೆ.

ಅಕ್ಕೋರೇ, ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂಬತ್ತನೇ ಕ್ಲಾಸಿನ 46 ಮಕ್ಕಳ ಪ್ರವಾಸದ ಜವಾಬ್ದಾರಿ ನನಗೆ ಬಂದಿದೆ. ಮೊದಲ ದಿನ ಮಿರ್ಜಾನ್ ಕೋಟೆ, ಬನವಾಸಿ. ರಾತ್ರಿ ಶಿರಸಿಯಲ್ಲಿ ಉಳಿಯುವುದು. ಮರುದಿನ ಸೋಂದಾ, ಸಹಸ್ರಲಿಂಗ ನೋಡಿ ಯಲ್ಲಾಪುರದ ಮೇಲೆ ವಾಪಸ್. ಹೋದ ವರ್ಷ ಹೋಗಿ ಬಂದ ಮಕ್ಕಳನ್ನು ಏನು ನೋಡಿದಿರಿ ಎಂದು ಕೇಳಿದರೆ ಬಸ್ಸಿನ ಹಾಡು, ಗೋಬಿ ಮಂಚೂರಿ ಬಿಟ್ಟು ಬೇರೇನೂ ಬರಲಿಲ್ಲ. ಇವರನ್ನು ಹೇಗೆ ತಯಾರು ಮಾಡಲಿ?
— ಹೊಸ ಶಿಕ್ಷಕಿ, ಅಂಕೋಲಾ ತಾಲೂಕು

ನಾನು ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದು 1989ರಲ್ಲಿ. ಎರಡು ದಿನದಲ್ಲಿ ಹನ್ನೊಂದು ಜಾಗ. ಗೇರುಸೊಪ್ಪೆಯ ಚತುರ್ಮುಖ ಬಸದಿಯ ಎದುರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೋಟ್ಸ್ ಹೇಳಿ ಬರೆಸಿದೆ. ಮುಗಿದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು ಮೆತ್ತಗೆ ಕೇಳಿದಳು: "ಅಕ್ಕೋರೇ, ಇದರಲ್ಲಿ ಏನು ನೋಡಬೇಕು?" ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲಿರುವ ಕಲ್ಲಿನ ಕಟ್ಟಡ ಅವಳ ಕಣ್ಣೆದುರೇ ಇತ್ತು. ಅವಳ ಕಣ್ಣು ಪುಸ್ತಕದ ಮೇಲಿತ್ತು. ತಪ್ಪು ಅವಳದ್ದಲ್ಲ. ನೋಡುವುದು ಹೇಗೆ ಎಂದು ನಾನು ಕಲಿಸಿರಲಿಲ್ಲ. ಅದನ್ನು ಅಲ್ಲಿಗೆ ಹೋಗಿ ಕಲಿಸಲು ಆಗುವುದಿಲ್ಲ. ಅಲ್ಲಿ ಬಿಸಿಲು, ಹಸಿವು, ಐಸ್‌ಕ್ಯಾಂಡಿ, ಗೆಳೆಯರು ಎಲ್ಲ ಇರುತ್ತಾರೆ. ಊರಲ್ಲೇ ಕಲಿಸಿ ಕರೆದುಕೊಂಡು ಹೋಗಬೇಕು. ನಿಮಗೆ ಮೂರು ವಾರ ಸಿಕ್ಕರೆ ಧಾರಾಳ ಆಯಿತು.

ನೀವು ಆರಿಸಿದ ದಾರಿ ನನಗೆ ತುಂಬಾ ಇಷ್ಟವಾಯಿತು. ಅದರಲ್ಲೇ ಒಂದು ಕತೆ ಇದೆ. ಶಿರಸಿ, ಸೋಂದಾ ಕಡೆಯ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಬಿಡಿಸಿದ ಕಾಳುಮೆಣಸು ಎತ್ತಿನ ಬೆನ್ನೇರಿ ಘಟ್ಟ ಇಳಿದು ನಮ್ಮ ಕಡಲ ದಂಡೆಗೆ ಬರುತ್ತಿತ್ತು. ಇಲ್ಲಿಂದ ಹಡಗು ಹತ್ತುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಇಟ್ಟಿದ್ದಕ್ಕೂ ಇದೇ ಮೆಣಸು ಕಾರಣ. ನಿಮ್ಮ ಮಕ್ಕಳು ಮಿರ್ಜಾನ್‌ನಿಂದ ಹೊರಟು ದೇವಿಮನೆ ಘಟ್ಟ ಹತ್ತಿ ಸೋಂದಾ ಮುಟ್ಟುತ್ತಾರೆ. ಅಂದರೆ ಮೆಣಸು ಇಳಿದು ಬಂದ ದಿಕ್ಕಿಗೆ ಎದುರಾಗಿ ಹತ್ತುತ್ತಾರೆ. ಈ ಒಂದು ದಾರ ಇಟ್ಟುಕೊಳ್ಳಿ. ಹೊರಡುವ ದಿನ ಪ್ರತಿ ಮಗುವಿನ ಕೈಗೆ ಕಾಗದದ ಪೊಟ್ಟಣದಲ್ಲಿ ಐದು ಕಾಳುಮೆಣಸು ಕೊಡಿ. ಮಿರ್ಜಾನ್‌ನಲ್ಲಿ ಒಂದು ಕಾಳು ಕಚ್ಚಿಸಿ ನೋಡಿ. ಆ ಖಾರ ನಾಲಿಗೆಯ ಮೇಲೆ ಇರುವಾಗ ರಾಣಿಯ ಹೆಸರು ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಮೊದಲ ವಾರ ಎಲ್ಲಿಗೂ ಹೋಗಬೇಡಿ, ನಿಮ್ಮ ಊರನ್ನೇ ಸುತ್ತಿ. ಶಾಲೆಯ ಕಂಪೌಂಡಿನ ಚಿರೆಕಲ್ಲನ್ನು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲನ್ನು, ಅಳೆಸಿ. ಒಂದು ಕಲ್ಲು ಎಷ್ಟು ಉದ್ದ, ಎಷ್ಟು ದಪ್ಪ, ಇಬ್ಬರು ಎತ್ತಬಹುದೇ? ಚಿರೆಕಲ್ಲು ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ ಎಂಬುದನ್ನು ಕಲ್ಲು ಕಡಿಯುವ ಮನೆಯ ಮಗುವಿನ ಬಾಯಿಂದಲೇ ಹೇಳಿಸಿ. ಮಿರ್ಜಾನ್ ಕೋಟೆ ಕಟ್ಟಿದ್ದೂ ಚಿರೆಕಲ್ಲಿನಿಂದಲೇ. ತನ್ನ ಮನೆಯ ಗೋಡೆಯ ಕಲ್ಲು ಕೋಟೆಯ ಬುರುಜಿನಲ್ಲೂ ಕಂಡಾಗ ಮಗು ಅಲ್ಲಿ ತಾನಾಗಿಯೇ ನಿಲ್ಲುತ್ತದೆ.

ಹತ್ತಿರದಲ್ಲಿ ವೀರಗಲ್ಲು ಇದ್ದರೆ ಅಲ್ಲಿಗೂ ಹೋಗಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಹೋರಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲೆ ಅವನು ದೇವರ ಎದುರು. ತುದಿಯಲ್ಲಿ ಸೂರ್ಯ ಚಂದ್ರ, ಅವೆರಡೂ ಇರುವವರೆಗೆ ಇವನ ಹೆಸರಿರಲಿ ಎಂದು. ಬಳೆ ತೊಟ್ಟ ಕೈ ಮಾತ್ರ ಮೇಲೆದ್ದ ಹಾಗೆ ಕೆತ್ತಿದ್ದರೆ ಅದು ಮಾಸ್ತಿಕಲ್ಲು, ಸತಿ ಹೋದ ಹೆಂಗಸಿನ ನೆನಪಿಗೆ ನಿಲ್ಲಿಸಿದ್ದು. ಒಂದು ಕಲ್ಲು ಓದಲು ಕಲಿತ ಮಗು ಬನವಾಸಿಯಲ್ಲಿ ನಿಮಗಿಂತ ಮುಂದೆ ಓಡಿ ಇನ್ನೊಂದನ್ನು ಹುಡುಕುತ್ತದೆ. ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಎರಡನೇ ವಾರ ಒಂದು ಸುಂಬದ ಹಗ್ಗ ತನ್ನಿ. ಇವತ್ತಿನಿಂದ ಹಿಂದಕ್ಕೆ ಒಂದು ಮೀಟರಿಗೆ ನೂರು ವರ್ಷ, ಒಂದೊಂದು ಘಟನೆಗೆ ಒಂದು ಗಂಟು. ಮಗುವಿನ ಇಡೀ ಜೀವನ 14 ಸೆಂಟಿಮೀಟರ್. ಅಜ್ಜಿಯದ್ದು 70 ಸೆಂಟಿಮೀಟರ್ ಇರಬಹುದು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ 1930 ಒಂದು ಮೀಟರಿನ ಒಳಗೇ ಬರುತ್ತದೆ. ಚೆನ್ನಭೈರಾದೇವಿಯ ಆಳ್ವಿಕೆ ಮುಗಿದದ್ದು ನಾಲ್ಕು ಮೀಟರ್ ದಾಟಿ. ಕದಂಬರ ಮಯೂರಶರ್ಮ ರಾಜ್ಯ ಕಟ್ಟಿದ್ದು ಸುಮಾರು 345ರಲ್ಲಿ. ಅದಕ್ಕೆ ಹಗ್ಗ ಹೆಚ್ಚುಕಡಿಮೆ 17 ಮೀಟರ್ ಬೇಕು. ಹಗ್ಗ ಕ್ಲಾಸಿನ ಬಾಗಿಲು ದಾಟಿ ಜಗುಲಿಗೆ ಹೋಗುತ್ತದೆ. ಬನವಾಸಿಯ ಐದು ಹೆಡೆಯ ನಾಗರ ಕಲ್ಲಿನ ಮೇಲೆ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನವಿದೆ. ಅದು ಕದಂಬರಿಗಿಂತಲೂ ಹಳೆಯದು, ಎರಡನೇ ಶತಮಾನದ್ದು. ಆ ಗಂಟು ಹಾಕಲು ಒಬ್ಬ ಮೆಟ್ಟಿಲಿಳಿದು ಅಂಗಳಕ್ಕೇ ಹೋಗಬೇಕು. ನನ್ನ ಶಾಲೆಯಲ್ಲಿ ಹಾಗೆ ಅಂಗಳದಲ್ಲಿ ನಿಂತ ಹುಡುಗ ಹಗ್ಗದ ಆ ತುದಿಯಿಂದ "ಅಕ್ಕೋರೇ, ಇಲ್ಲಿಂದ ನೀವು ಕಾಣೂದೇ ಇಲ್ಲ" ಎಂದು ಕೂಗಿದ್ದ. ಆ ಹಗ್ಗವನ್ನು ಬಸ್ಸಿನಲ್ಲೂ ತೆಗೆದುಕೊಂಡು ಹೋಗಿ.

ಮೂರನೇ ವಾರ ಪ್ರತಿ ಮಗುವೂ ಒಂದು ಪ್ರಶ್ನೆ ಬರೆಯಲಿ. ಒಂದೇ ಒಂದು, ತನ್ನದೇ ಆದದ್ದು. ಬಿಟ್ಟ ಸ್ಥಳ ತುಂಬುವ ಹಾಳೆ ಮಾತ್ರ ಬೇಡ, ಅದನ್ನು ಒಬ್ಬರು ತುಂಬುತ್ತಾರೆ, 45 ಮಂದಿ ನೋಡಿ ಬರೆಯುತ್ತಾರೆ. ದೋಣಿಗೆ ಹೋಗುವ ಮನೆಯ ಹುಡುಗ ಕೇಳುತ್ತಾನೆ: ಅಘನಾಶಿನಿ ಹೊಳೆಯಲ್ಲಿ ಭರತ ಇಳಿತ ನೋಡಿ ದೋಣಿ ತರುತ್ತಿದ್ದರೇ? ಒಬ್ಬ ಹುಡುಗಿ ಕೇಳಿದ್ದಳು: ಕೋಟೆಯೊಳಗೆ ಇಷ್ಟು ಜನರಿಗೆ ಅಡುಗೆಗೆ ನೀರು ಯಾರು ಸೇದುತ್ತಿದ್ದರು? ಕೋಟೆಯ ಬಾವಿಗಳನ್ನು ಅವಳು ನೋಡಿದ ಹಾಗೆ ನಾನು ಯಾವತ್ತೂ ನೋಡಿರಲಿಲ್ಲ. ಪ್ರಶ್ನೆಯನ್ನು ರಟ್ಟಿನ ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಳ್ಳಲಿ. ಉತ್ತರ ಸಿಗದಿದ್ದರೂ ತೊಂದರೆ ಇಲ್ಲ.

ಬನವಾಸಿಯಲ್ಲಿ ಕನಿಷ್ಠ ಎರಡು ತಾಸು ಕೊಡಿ. ಮೊದಲ ಹತ್ತು ನಿಮಿಷ ಮಕ್ಕಳು ಸುಮ್ನೆ ಕೂತು ನೋಡಲಿ, ನೀವೂ ಮಾತಾಡಬೇಡಿ. ಮಧುಕೇಶ್ವರ ದೇವಸ್ಥಾನ ಒಬ್ಬ ಅರಸ ಒಂದೇ ಸಲಕ್ಕೆ ಕಟ್ಟಿಸಿದ್ದಲ್ಲ. ಕದಂಬರ ಮೇಲೆ ಚಾಲುಕ್ಯರು, ಆಮೇಲೆ ಸೋಂದಾ ಅರಸರು, ಹೀಗೆ ಒಬ್ಬರ ಮೇಲೊಬ್ಬರು ಸೇರಿಸುತ್ತ ಬಂದರು. ಅಲ್ಲಿನ ಕಲ್ಲಿನ ಮಂಚ ಸೋಂದಾ ಅರಸರು ಕೊಟ್ಟದ್ದು. "ಇದನ್ನು ಕೊಟ್ಟವರ ಊರಿಗೆ ನಾಳೆ ಹೋಗುತ್ತೇವೆ" ಎಂದು ಅಲ್ಲೇ ಹೇಳಿ. ಕಾರವಾರದ ಸದಾಶಿವಗಡವೂ ಅವರದ್ದೇ ಎಂದು ಸೇರಿಸಿ. ದಿನಾ ಕಾಣುವ ಗುಡ್ಡ ಘಟ್ಟದ ಮೇಲಿನ ಊರಿಗೆ ಹೊಂದಿಕೊಂಡಾಗ ಮಕ್ಕಳ ಮುಖ ನೋಡಬೇಕು ನೀವು. ಶಾಸನದ ಅಕ್ಷರಗಳ ಮೇಲೆ ಚಾಕ್‌ಪೀಸ್ ಉಜ್ಜಲು, ಮೂರ್ತಿಗಳ ಮೇಲೆ ಕೈಯಿಡಲು ಬಿಡಬೇಡಿ. ಯಾಕೆ ಎಂಬುದನ್ನು ಶಾಲೆಯಲ್ಲೇ ಹೇಳಿ, ಅಲ್ಲಿ ಬೈಯುವ ಪ್ರಸಂಗ ಬರುವುದಿಲ್ಲ.

ಇನ್ನು ಜೀವದ ವಿಷಯ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಆ ಮಕ್ಕಳು ನೆನಪಾದರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ. ನಮ್ಮ ಕರಾವಳಿಯ ಮಕ್ಕಳು ತಮಗೆ ನೀರು ಗೊತ್ತು ಅಂದುಕೊಳ್ಳುತ್ತಾರೆ. ಸಹಸ್ರಲಿಂಗ ಇರುವ ಶಾಲ್ಮಲಾ ಹೊಳೆಯ ಬಂಡೆ ನಮ್ಮ ಮರಳು ದಂಡೆಯ ಹಾಗಲ್ಲ. ಪಾಚಿ ಇರುತ್ತದೆ, ಬಂಡೆಗಳ ನಡುವೆ ಸೆಳೆತ ಇರುತ್ತದೆ. ಸಹಸ್ರಲಿಂಗದಲ್ಲಿ ನೀರಿಗೆ ಇಳಿಯುವಂತಿಲ್ಲ, ಕಾಲು ತೊಳೆಯಲೂ ಇಲ್ಲ ಎಂದು ಹೊರಡುವ ಮೊದಲೇ ಮಕ್ಕಳಿಂದ ಹೇಳಿಸಿ. ಅಲ್ಲಿ ಒಬ್ಬ ಶಿಕ್ಷಕರ ಕೆಲಸ ನೀರಿನ ಕಡೆ ನಿಲ್ಲುವುದು ಮಾತ್ರ. ಫೋಟೋ ತೆಗೆಯುವುದೂ ಅವರ ಕೆಲಸವಲ್ಲ.

ಎಣಿಕೆಯನ್ನು ಹೆಸರಿನಿಂದ ಮಾಡಬೇಡಿ. ಒಂದರಿಂದ 46ರವರೆಗೆ ಮಕ್ಕಳೇ ತಮ್ಮ ನಂಬರ್ ಕೂಗಲಿ, ಜೊತೆಗೆ ಇಬ್ಬಿಬ್ಬರ ಜೋಡಿ ಇರಲಿ. ಒಮ್ಮೆ ನಾನೇ ತಲೆ ಎಣಿಸಿ ಸರಿ ಎಂದೆ. ಬಸ್ಸು ಎರಡು ಕಿಲೋಮೀಟರ್ ಹೋದ ಮೇಲೆ ಒಬ್ಬ ಹುಡುಗ ಇಲ್ಲ ಎಂದು ಗೊತ್ತಾಯಿತು. ಬಸ್ಸಿನ ಕ್ಲೀನರ್ ಹುಡುಗನನ್ನೂ ನಾನು ಲೆಕ್ಕಕ್ಕೆ ಹಿಡಿದಿದ್ದೆ. ನಮ್ಮವನು ಪೌಳಿಯ ಹಿಂದೆ ಕೂತು ಚಿತ್ರ ಬರೆಯುತ್ತಿದ್ದ. ಅವನಿಗೆ ಬಸ್ಸು ಹೋಗಿದ್ದೇ ಗೊತ್ತಿರಲಿಲ್ಲ. ನನ್ನ ಕೈಕಾಲು ನಡುಗುವುದು ನಿಲ್ಲಲು ತಾಸು ಬೇಕಾಯಿತು.

ಬಿಇಒ ಕಚೇರಿಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಬಸ್ಸಿನ ಕಾಗದ ಇವೆಲ್ಲ ಹೆಡ್ಮಾಸ್ತರರಿಗೆ ಗೊತ್ತಿರುತ್ತದೆ. ಘಟ್ಟದ ತಿರುವಿಗೆ ವಾಂತಿ ಮಾಡುವವರನ್ನು ಮುಂದೆ ಕೂರಿಸಿ. ಬೆಳಿಗ್ಗೆ ಎಣ್ಣೆ ತಿಂಡಿ ಬೇಡ, ಖಾಲಿ ಹೊಟ್ಟೆಯೂ ಬೇಡ. ಸ್ವಲ್ಪ ಅವಲಕ್ಕಿ ಸಾಕು. ಡಿಸೆಂಬರ್‌ನಲ್ಲಿ ಶಿರಸಿಯ ಚಳಿ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಸ್ವೆಟರ್ ಇಲ್ಲದವರು ಬಹಳ ಇರುತ್ತಾರೆ. ಒಂದು ದಪ್ಪ ಹೊದಿಕೆ ತನ್ನಿ ಎಂದು ಬರೆದು ಕಳಿಸಿ.

ರಾತ್ರಿ ಊಟವಾದ ಮೇಲೆ ದೀಪ ಆರಿಸುವ ಮೊದಲು ಎಲ್ಲರನ್ನೂ ಚಾಪೆಯ ಮೇಲೆ ಸುತ್ತ ಕೂರಿಸಿ. ಹಗ್ಗ ಬಿಚ್ಚಿ. ಒಬ್ಬೊಬ್ಬರೂ ಇವತ್ತು ತಾನು ಕಂಡ ಒಂದನ್ನು ಹೇಳಿ ಆ ಗಂಟಿನ ಹತ್ತಿರ ಕೂರಲಿ. ಕ್ಲಾಸಿನಲ್ಲಿ ಬಾಯಿ ಬಿಡದ ಮಕ್ಕಳು ಆ ಹೊತ್ತಿಗೆ ಮಾತಾಡುತ್ತಾರೆ. ರಾತ್ರಿ ಉಳಿಯುವ ಪ್ರವಾಸವನ್ನು ನಾನು ಬಿಡದೆ ಮಾಡಿದ್ದು ಈ ಒಂದು ತಾಸಿಗಾಗಿ.

ಅಕ್ಕೋರೇ, ನಮ್ಮದು ಮೀನುಗಾರರ ಮನೆ. ಮಗಳು ಒಂಬತ್ತನೇ ಕ್ಲಾಸು. ಒಂದು ರಾತ್ರಿಯೂ ಮನೆ ಬಿಟ್ಟು ಮಲಗಿದವಳಲ್ಲ. ಅವಳಿಗೆ ಪ್ರವಾಸಕ್ಕೆ ಹೋಗುವ ಆಸೆ. ಅವಳ ಅಪ್ಪ ಬೇಡ ಅಂತಾರೆ. ಆ ದಿನಗಳು ಅದೇ ಹೊತ್ತಿಗೆ ಬರಬಹುದು ಎಂದು ನನಗೂ ಹೆದರಿಕೆ. ದೇವಸ್ಥಾನಕ್ಕೆ ಬೇರೆ ಹೋಗುತ್ತಾರಲ್ಲ. ಕಳಿಸಲೋ ಬೇಡವೋ?
— ಒಬ್ಬ ತಾಯಿ, ಬೇಲೆಕೇರಿ

ಕಳಿಸಿ ತಂಗಿ. ಆದರೆ ನಿಮ್ಮ ಯಜಮಾನರ ಹೆದರಿಕೆಯನ್ನು ಬದಿಗೆ ತಳ್ಳಬೇಡಿ. ಇಬ್ಬರೂ ಒಟ್ಟಿಗೆ ಶಾಲೆಗೆ ಹೋಗಿ ನೇರವಾಗಿ ಕೇಳಿ. ಮಕ್ಕಳು ಮಲಗುವ ಜಾಗ ಯಾವುದು? ಹುಡುಗಿಯರ ಕೋಣೆಯಲ್ಲಿ ಯಾವ ಅಕ್ಕೋರು ಮಲಗುತ್ತಾರೆ? ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ? ಶೌಚಾಲಯ ಕೋಣೆಯ ಹತ್ತಿರವೋ, ಅಂಗಳ ದಾಟಬೇಕೋ? ಇದನ್ನು ಕೇಳುವುದು ನಿಮ್ಮ ಹಕ್ಕು. ಒಳ್ಳೆಯ ಶಾಲೆ ಬೇಸರ ಮಾಡಿಕೊಳ್ಳುವುದಿಲ್ಲ. ಉತ್ತರ ಸಿಗದಿದ್ದರೆ ಆಗ ಕಳಿಸಬೇಡಿ ಎಂದು ನಾನೂ ಹೇಳುತ್ತೇನೆ.

ಆ ದಿನಗಳಿಗೆ ಒಂದು ಸಣ್ಣ ಚೀಲ ಮಾಡಿಕೊಡಿ. ಆರು ಪ್ಯಾಡ್, ಒಂದು ಜೊತೆ ಒಳಉಡುಪು, ಹಳೆ ಪೇಪರ್, ಕಪ್ಪು ಪ್ಲಾಸ್ಟಿಕ್ ಚೀಲ, ಸಾಬೂನು. ಹೊಟ್ಟೆನೋವಿಗೆ ಮಾತ್ರೆ ತೆಗೆದುಕೊಳ್ಳುವವಳಾದರೆ ಅದನ್ನು ಅಕ್ಕೋರ ಕೈಗೆ ಕೊಡಿ. ದಿನ ಹತ್ತಿರವಿದೆ ಎಂದು ಅವರಿಗೆ ಮೊದಲೇ ತಿಳಿಸಿ. ಗರ್ಭಗುಡಿಯ ಹತ್ತಿರ ಹೋಗುವುದು ಬಿಡುವುದು ನಿಮ್ಮ ಮನೆಯ ರೂಢಿ, ಅವಳ ಮನಸ್ಸು. ಆದರೆ ಅದೇ ಕಾರಣಕ್ಕೆ ಅವಳು ಬಸ್ಸಿನಲ್ಲಿ ಒಬ್ಬಳೇ ಕೂರಬಾರದು. ಶಿಕ್ಷಕರಿಗೂ ಇಲ್ಲೇ ಹೇಳುತ್ತೇನೆ: ಬನವಾಸಿಯಲ್ಲಿ ಹೊರಗಿನ ಆವರಣದಲ್ಲೇ ಓದಲು ಬೇಕಾದಷ್ಟು ಕಲ್ಲುಗಳಿವೆ. ಊರನ್ನು ಮೂರು ಕಡೆ ಬಳಸಿ ಹರಿಯುವ ವರದೆ ಇದೆ. ಒಂದು ಗುಂಪಿನ ಪಾಠವನ್ನು ಹೊರಗೇ ಇಟ್ಟುಕೊಳ್ಳಿ. ಯಾರು ಯಾಕೆ ಹೊರಗಿದ್ದಾರೆ ಎಂಬ ಪ್ರಶ್ನೆಯೇ ಬರಬಾರದು.

ಹೊರಡುವ ಮೊದಲಿನ ಶನಿವಾರ ಅವಳನ್ನು ಅತ್ತೆಯ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಒಂದು ರಾತ್ರಿ ಮಲಗಿಸಿ. ಅಭ್ಯಾಸ ಆಗುವುದು ಅವಳಿಗೆ ಮಾತ್ರವಲ್ಲ, ನಿಮಗೂ ಬೇಕಲ್ವಾ? ರಾತ್ರಿ ಫೋನ್ ಬರಲಿಲ್ಲ ಎಂದು ಗಾಬರಿಯಾಗಬೇಡಿ. ಎಂಟು ಗಂಟೆಗೆ ಅಕ್ಕೋರಿಂದ ಒಂದು ಮೆಸೇಜ್ ಬರಲಿ ಎಂದು ಮೊದಲೇ ಮಾತಾಡಿಕೊಳ್ಳಿ, ಅಷ್ಟು ಸಾಕು.

ಅಕ್ಕೋರೇ, ನನ್ನ ಊರು ಹೆಸರು ಹಾಕಬೇಡಿ. ನಾನು ಒಂಬತ್ತನೇ ಕ್ಲಾಸು. ಟ್ರಿಪ್ಪಿಗೆ ಬರಲ್ಲ ಅಂತ ಹೇಳಿದ್ದೇನೆ. ದುಡ್ಡಿಲ್ಲ ಅಂತ ಸುಳ್ಳು ಹೇಳಿದೆ. ನಿಜ ಏನೆಂದರೆ ನನಗೆ ಈಗಲೂ ಒಂದೊಂದು ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಎಲ್ಲರೂ ಒಟ್ಟಿಗೆ ಮಲಗಿದಾಗ ಗೊತ್ತಾದರೆ ನಾನು ಶಾಲೆಗೇ ಹೋಗಲು ಆಗುವುದಿಲ್ಲ.

ತಮ್ಮಾ, ನೀನು ಇದನ್ನು ಬರೆದೆಯಲ್ಲ, ಅದೇ ದೊಡ್ಡ ಧೈರ್ಯ. ಮೊದಲು ಒಂದು ಮಾತು ಕೇಳು. ಇದು ನಿನ್ನ ತಪ್ಪಲ್ಲ, ಸೋಮಾರಿತನವಲ್ಲ. ನಿನ್ನ ವಯಸ್ಸಿನಲ್ಲೂ ಕೆಲವು ಮಕ್ಕಳಿಗೆ ಇದು ಇರುತ್ತದೆ. ಎಷ್ಟೋ ಸಲ ಅಪ್ಪನಿಗೋ ಮಾವನಿಗೋ ಚಿಕ್ಕಂದಿನಲ್ಲಿ ಇದೇ ಇದ್ದಿರುತ್ತದೆ, ಯಾರೂ ಹೇಳಿರುವುದಿಲ್ಲ. ಇದಕ್ಕೆ ಚಿಕಿತ್ಸೆ ಇದೆ. ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋಗು. ಪ್ರವಾಸ ಇದೆ ಎಂಬುದನ್ನೂ ಅವರಿಗೆ ಹೇಳು. ಮಾತ್ರೆ ಬೇಕೋ ಬೇಡವೋ ಅವರು ನೋಡುತ್ತಾರೆ. ಈಚೆಗೆ ಹೊಸದಾಗಿ ಶುರುವಾಗಿದ್ದರೆ, ಉರಿ ಇದ್ದರೆ, ಇಲ್ಲವೇ ಬಾಯಾರಿಕೆ ಜಾಸ್ತಿ ಇದ್ದರೆ ತಡ ಮಾಡಲೇಬೇಡ.

ನಿನ್ನ ಶಾಲೆಯಲ್ಲಿ ನೀನು ನಂಬುವ ಒಬ್ಬ ಮಾಸ್ತರು ಇದ್ದೇ ಇರುತ್ತಾರೆ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಚೀಟಿ ಬರೆದು ಕೊಡು. ನಾನು ಕೆಲಸದಲ್ಲಿದ್ದಾಗ ಒಬ್ಬ ಹುಡುಗ ಹೀಗೇ ಚೀಟಿ ಕೊಟ್ಟಿದ್ದ. ಅವನನ್ನು ಬಾಗಿಲ ಪಕ್ಕದ ತುದಿಯಲ್ಲಿ, ನಮ್ಮ ಮಾಸ್ತರರ ಹಾಸಿಗೆಗೆ ತಾಗಿ ಮಲಗಿಸಿದೆವು. ಮಧ್ಯಾಹ್ನದವರೆಗೆ ಚೆನ್ನಾಗಿ ನೀರು ಕುಡಿದ. ಸಂಜೆಯ ಮೇಲೆ ಕಡಿಮೆ ಮಾಡಿದ, ಚಹಾ ಬಿಟ್ಟ. ಮಲಗುವ ಮೊದಲು ಒಂದು ಸಲ ಹೋಗಿ ಬಂದ. ರಾತ್ರಿ ಒಂದು ಗಂಟೆಗೂ ನಾಲ್ಕಕ್ಕೂ ಮಾಸ್ತರರು ಭುಜ ಮುಟ್ಟಿ ಎಬ್ಬಿಸಿದರು. ಚಾಪೆಯ ಮೇಲೆ ರೆಕ್ಸಿನ್, ಅದರ ಮೇಲೆ ದಪ್ಪ ಬಟ್ಟೆ, ಒಂದು ಹೆಚ್ಚಿನ ಚಡ್ಡಿ ಇಟ್ಟಿದ್ದೆವು. ಆ ರಾತ್ರಿ ಏನೂ ಆಗಲಿಲ್ಲ. ಆಗಿದ್ದರೂ ಎಲ್ಲರೂ ಏಳುವ ಮೊದಲೇ ಬದಲಿಸುವ ವ್ಯವಸ್ಥೆ ಇತ್ತು. ಅವನ ಗೆಳೆಯರಿಗೆ ಇವತ್ತಿಗೂ ಗೊತ್ತಿಲ್ಲ. ನಾಳೆಯೇ ಚೀಟಿ ಕೊಡು. ನೀನು ಹೋಗಬೇಕು.

ಮೇಡಂ, ಪ್ರವಾಸಕ್ಕೆ ತಲೆಗೆ 1,200 ರೂಪಾಯಿ ಎಂದಿದ್ದಾರೆ. ಆರೇಳು ಮಕ್ಕಳಿಗೆ ಕಷ್ಟ. ಬಿಟ್ಟು ಹೋಗುವುದೇ?
— ಎಸ್‌ಡಿಎಂಸಿ ಸದಸ್ಯ, ಕುಮಟಾ ತಾಲೂಕು

ಬಿಟ್ಟು ಹೋಗಬಾರದು. ಹಣ ಕೊಡಲಾಗದವರು ಯಾರು ಎಂದು ಕ್ಲಾಸಿನಲ್ಲಿ ಕೈ ಎತ್ತಿಸಬೇಡಿ. ಮೊದಲು ಖರ್ಚು ಇಳಿಸಿ. ಮೊದಲ ದಿನದ ಮಧ್ಯಾಹ್ನದ ಊಟ ಮನೆಯಿಂದ ಬುತ್ತಿಯಾದರೆ ಒಂದು ಹೊತ್ತು ಉಳಿಯಿತು. ರಾತ್ರಿ ಲಾಡ್ಜ್ ಬದಲು ಶಿರಸಿಯ ಯಾವುದಾದರೂ ಶಾಲೆಯನ್ನು ಕೇಳಿ, ಅವರು ನಿಮ್ಮಲ್ಲಿಗೆ ಕಡಲು ನೋಡಲು ಬಂದಾಗ ನೀವು ಜಾಗ ಕೊಡಿ. ಉಳಿದದ್ದಕ್ಕೆ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಒಂದು ಮಗುವಿನ ಖರ್ಚು ಎಂದು ನಿಖರವಾಗಿ ಕೇಳಿದರೆ ಜನ ಕೊಡುತ್ತಾರೆ.

ಅಕ್ಕೋರೇ, ಮಿರ್ಜಾನ್ ಕೋಟೆಯಲ್ಲಿ ಸುರಂಗ ಇದೆಯಂತೆ, ಅದರಲ್ಲಿ ರಾಣಿ ಓಡಿ ಹೋಗುತ್ತಿದ್ದಳಂತೆ. ನಿಜವಾ? ಅಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕಾ?
— ಒಂಬತ್ತನೇ ಕ್ಲಾಸಿನ ಹುಡುಗಿ, ಗೋಕರ್ಣ

ತಂಗಿ, ನಿನ್ನ ಪ್ರಶ್ನೆ ನನಗೆ ಬಹಳ ಖುಷಿ ಕೊಟ್ಟಿತು. ನೋಟ್‌ಬುಕ್ಕಿನ ಪುಟದಲ್ಲಿ ಎರಡು ಗೆರೆ ಎಳೆದು ಮೂರು ಭಾಗ ಮಾಡು. ಮೊದಲನೆಯದು ಕಲ್ಲು ಹೇಳಿದ್ದು. ಎರಡನೆಯದು ಜನ ಹೇಳಿದ್ದು. ಮೂರನೆಯದು ನಾನು ಕಂಡಿದ್ದು.

ಮಯೂರಶರ್ಮ ಓದಲು ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರರ ಜೊತೆ ಜಗಳವಾಗಿ, ಕತ್ತಿ ಹಿಡಿದ ಕತೆ ನಿನಗೆ ಗೊತ್ತಿರಬಹುದು. ಅದು ತಾಳಗುಂದದ ಕಂಬದ ಮೇಲೆ ಕೆತ್ತಿದೆ. ಬರೆದ ಕವಿ ಕುಬ್ಜ. ಆದ್ದರಿಂದ ಮೊದಲ ಭಾಗಕ್ಕೆ ಹಾಕು. ಆದರೂ ನೆನಪಿಡು, ಅದನ್ನು ಕೆತ್ತಿಸಿದವರು ಅವನದೇ ವಂಶದವರು. ಬನವಾಸಿಯ ನಂದಿ ಒಂದು ಕಣ್ಣಿನಿಂದ ಮಧುಕೇಶ್ವರನನ್ನೂ ಇನ್ನೊಂದರಿಂದ ಪಾರ್ವತಿಯನ್ನೂ ನೋಡುತ್ತದೆ ಎನ್ನುತ್ತಾರೆ. ಅದು ಎರಡನೇ ಭಾಗ. ನೀನೇ ಎರಡೂ ಕಡೆ ನಿಂತು ನೋಡಿ ಕಂಡದ್ದನ್ನು ಮೂರನೆಯದರಲ್ಲಿ ಬರೆ. ಮಿರ್ಜಾನ್ ಕೋಟೆ ಕಟ್ಟಿಸಿದ್ದು ಯಾರು ಎಂಬುದಕ್ಕೇ ಒಂದಕ್ಕಿಂತ ಹೆಚ್ಚು ಮಾತುಗಳಿವೆ. ರಾಣಿ ಓಡಿದ ಕತೆಯೂ ಎರಡನೇ ಭಾಗಕ್ಕೇ ಹೋಗಲಿ. ಜನ ಹೇಳಿದ್ದು ಎಂದರೆ ಬೇಡದ್ದು ಎಂದಲ್ಲ. ಆ ರಾಣಿಯನ್ನು ನಾಲ್ಕು ನೂರು ವರ್ಷ ಆದರೂ ಜನ ಬಿಟ್ಟುಕೊಟ್ಟಿಲ್ಲ ಎಂಬುದು ಅದರಿಂದ ಗೊತ್ತಾಗುತ್ತದೆ. ಅವಳ ಆಳ್ವಿಕೆ ಮುಗಿದದ್ದು ಕೆಳದಿಯ ಅರಸರ ಕೈಯಲ್ಲಿ ಸೋತು.

ಕೋಟೆಯೊಳಗಿನ ಬಾವಿಗಳ ದಂಡೆಯ ಮೇಲೆ ಹತ್ತಬೇಡ, ಬಗ್ಗಿ ನೋಡಬೇಡ. ದೂರದಿಂದಲೇ ಎಣಿಸು. ಬಾವಿಗಳು ಎಷ್ಟು, ಯಾವುದರಲ್ಲಿ ಈಗಲೂ ನೀರಿದೆ, ಯಾವುದು ಬಾಗಿಲಿಗೆ ಹತ್ತಿರ? ಒಂದು ನಕ್ಷೆ ಬರೆದು ನನಗೆ ಕಳಿಸು, ನಾನು ಕಾಯುತ್ತೇನೆ.